ಮೋಟರಿನ ಎತ್ತಿಗೂ ಅಮಾವಾಸ್ಯೆ

ಮಿರಗದ ಮಳೆ ಎರಡು ಸಲ ಹದವಾಗಿ ಬಿದ್ದು ಹೋಗಿತ್ತು. ಅಳವಂಡಿಯ ಆಚೆಯ ಎರೆಹೊಲಗಳಲ್ಲಿ ಹೆಸರು ಎರಡೆರಡು ಎಲೆ ಬಿಟ್ಟು ನಿಂತಿತ್ತು. ಕಸ ತೆಗೆಯುವ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸಾಲು ಹಿಡಿದಿದ್ದರು; ದೂರದಲ್ಲಿ ಒಂದು ಟ್ರ್ಯಾಕ್ಟರು ಯಾರದೋ ತಡವಾದ ಬಿತ್ತನೆಯನ್ನು ಗಡಿಬಿಡಿಯಿಂದ ಮುಗಿಸುತ್ತಿತ್ತು. ಹಳ್ಳದ ದಂಡೆಯಲ್ಲಿ ಮುದುಕರು ಕೂತು ಎರೆಮಣ್ಣು ಆರಿಸಿ ಬುಟ್ಟಿಗೆ ತುಂಬುತ್ತಿದ್ದರು. ಇವತ್ತು ಮಣ್ಣೆತ್ತಿನ ಅಮಾವಾಸ್ಯೆ, ಸಂಜೆಯೊಳಗೆ ಪ್ರತಿ ಮನೆಯ ಜಗಲಿಯ ಮೇಲೂ ಒಂದು ಜೊತೆ ಮಣ್ಣಿನ ಎತ್ತು ಕೂರಬೇಕು. ಕೊಪ್ಪಳದಿಂದ ಬೈಕಿನ ಮೇಲೆ ಶಾಲೆಗೆ ಬರುತ್ತಿದ್ದ ವೆಂಕೋಬ ಮಾಸ್ತರನ ಕಣ್ಣಿಗೆ ಇದೆಲ್ಲ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಮನಸ್ಸಿನಲ್ಲಿ ಅವನು ಒಂದು ವಾಕ್ಯವನ್ನು ಹೊಳ್ಳಾಮಳ್ಳಾ ತಿರುವಿ ಹಾಕುತ್ತಿದ್ದ. ‘ಮಣ್ಣೆತ್ತಿನ ಅಮಾವಾಸ್ಯೆಯ ದಿನವೇ ನಮ್ಮ ಮಕ್ಕಳ ಮಣ್ಣೆತ್ತು ಮೋಟರಿನಿಂದ ಓಡುತ್ತದೆ, ಸರ್. ನಮ್ಮ ಸಂಪ್ರದಾಯ, ನಮ್ಮ ವಿಜ್ಞಾನ.’ ‘ನಮ್ಮ ವಿಜ್ಞಾನ’ ಎನ್ನುವಲ್ಲಿ ದನಿ ಸ್ವಲ್ಪ ತಗ್ಗಬೇಕೋ ಏರಬೇಕೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಹನ್ನೊಂದು ಗಂಟೆಗೆ ತಾಲೂಕಿನ ಶಿಕ್ಷಣ ಕಚೇರಿಯಿಂದ ನಾಗೇಶ ಬರುವವನಿದ್ದ. ಬಂದು ನೋಡಿ, ಒಪ್ಪಿ, ವಿಡಿಯೋ ಮಾಡಿಕೊಂಡು ಹೋದರೆ ಮುಂದಿನ ತಿಂಗಳ ತರಬೇತಿಯಲ್ಲಿ ಪಾಠ ಹೇಳುವವರ ಪಟ್ಟಿಗೆ ವೆಂಕೋಬನ ಹೆಸರು ಹೋಗುತ್ತದೆ. ಇಪ್ಪತ್ತಾರು ವರ್ಷದಿಂದ ಅವನು ತರಬೇತಿಗಳ ಹಿಂದಿನ ಬೆಂಚಿನಲ್ಲಿ ಕೂತು ಬಂದಿದ್ದಾನೆ. ಪಾಠ ಹೇಳುವವರಿಗೆ ಚಹಾ ಮೊದಲು ಬರುತ್ತದೆ, ಬಿಸಿ ಇರುತ್ತದೆ. ಹಿಂದಿನ ಬೆಂಚಿಗೆ ಬರುವಷ್ಟರಲ್ಲಿ ಅದು ಕೆನೆಗಟ್ಟಿರುತ್ತದೆ. ಹೋದ ವರ್ಷ ಒಂದು ಸಂದೇಹ ಕೇಳಲು ಎದ್ದು ನಿಂತಾಗ, ತನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನಾದ ಇದೇ ನಾಗೇಶ ಮೈಕಿನಲ್ಲಿ, ‘ಹಿರಿಯರು ಸ್ವಲ್ಪ ಪೂರಾ ಕೇಳಿಸ್ಕೊಂಡು ಆಮ್ಯಾಗ ಕೇಳ್ರಿ’ ಎಂದಿದ್ದ. ಎಲ್ಲರೂ ನಕ್ಕಿರಲಿಲ್ಲ, ಕೆಲವರು ಮಾತ್ರ ನಕ್ಕಿದ್ದರು. ಯಾರು ನಕ್ಕರು ಎಂಬುದು ಅವನಿಗೆ ಇವತ್ತಿಗೂ ಹೆಸರು ಸಮೇತ ನೆನಪಿದೆ.

ಮೋಟರಿನಿಂದ ಓಡುವ ಆ ಎತ್ತಿನ ಬಂಡಿ ಮಾಡಲು ಮೂರು ವಾರ ಹಿಡಿದಿತ್ತು. ಶಾಲೆಯ ಅಟ್ಟದಲ್ಲಿ ಕೆಟ್ಟು ಬಿದ್ದಿದ್ದ ಡಿವಿಡಿ ಪ್ಲೇಯರನ್ನು ಬಿಚ್ಚಿ ಅದರೊಳಗಿನ ಗುಬ್ಬಿಮೊಟ್ಟೆಯಷ್ಟು ಮೋಟರು ತೆಗೆದದ್ದು, ರಟ್ಟಿನ ಬಂಡಿಯೊಳಗೆ ಅದನ್ನು ಕೂರಿಸಿ ಮೋಟರಿಂದ ಅಚ್ಚಿಗೆ ರಬ್ಬರ್ ಬ್ಯಾಂಡು ಹಾಕಿದ್ದು, ಎರಡು ಸೆಲ್ಲಿನ ಹಿಂದೆ ಮುಂದೆ ವಯರು ಅಂಟಿಸಿ ಅದರ ಎರಡು ತುದಿ ತಾಗಿಸಿದರೆ ಚಕ್ರ ತಿರುಗುವಂತೆ ಮಾಡಿದ್ದು ಎಲ್ಲ ಏಳನೆಯ ತರಗತಿಯ ಮಕ್ಕಳೇ. ಮುಂದೆ ನೊಗ, ನೊಗದ ಕೆಳಗೆ ನಾಲ್ಕು ಬೆರಳೆತ್ತರದ ಎರಡು ಮಣ್ಣೆತ್ತು, ಎತ್ತಿನ ಕಾಲ ಕೆಳಗೆ ಬಾಟಲಿ ಮುಚ್ಚಳದ ಗಾಲಿ. ಮೊದಮೊದಲು ಚಕ್ರ ನಿಂತಲ್ಲೇ ಸರ್ರನೆ ಜಾರಿ ತಿರುಗುತ್ತಿತ್ತು. ಬಂಡಿಯಲ್ಲಿ ಎರಡು ಕಲ್ಲು ಇಟ್ಟ ಮೇಲೆ ಭಾರಕ್ಕೆ ನೆಲ ಹಿಡಿದು ನಡೆಯಿತು. ಆ ದಿನ ಮಕ್ಕಳು ಕುಣಿದದ್ದು ನೋಡಿ ವೆಂಕೋಬನಿಗೆ ತಾನೇ ಮೋಟರು ಕಂಡುಹಿಡಿದಷ್ಟು ಸಂತೋಷವಾಗಿತ್ತು. ಆ ಸಂತೋಷದ ಭರದಲ್ಲಿ ಅವನು ಶನಿವಾರ ಉಕ್ತಲೇಖನ ಕೊಟ್ಟ: ‘ಮೋಟರಿನ ಶಕ್ತಿಯಿಂದ ಎತ್ತು ಬಂಡಿಯನ್ನು ಎಳೆಯುತ್ತದೆ.’ ಮೂವತ್ತೆರಡು ಪೆನ್ನು ಸರಸರ ಬರೆದವು. ಮುಂದಿನ ಸಾಲಿನ ಪಾರಮ್ಮ ಬರೆದು ಮುಗಿಸಿ ಎದ್ದು ನಿಂತಳು.

‘ಸರ, ಮೋಟರು ಬಂಡ್ಯಾಗ ಐತ್ರಿ. ಎತ್ತಿನ್ಯಾಗ ಇಲ್ಲ.’

‘ಹೌದು. ಅದಕ?’

‘ಹಂಗಾರ ಎತ್ತು ಬಂಡಿ ಎಳಿಯಾಕತ್ತಿಲ್ರಿ. ಬಂಡೀನ ಎತ್ತಿನ್ನ ದೂಡಾಕತ್ತೈತಿ.’

‘ಹಂಗಾರ ಇವತ್ತ ಮನಿಗೆ ಹೋಗಿ ನಿಮ್ಮಪ್ಪಗ ಹೇಳವಾ, ನಾಳಿಂದ ಬಂಡಿ ಮುಂದ ಮಾಡಿ ಎತ್ತು ಹಿಂದ ಕಟ್ಟಂತ!’

ತರಗತಿ ಹೋ ಎಂದು ನಕ್ಕಿತು. ಆ ನಗು ಏಳುವ ಹೊತ್ತಿಗೇ, ಸರಿಯಾಗಿ ಅದೇ ಗಳಿಗೆಗೆ, ಹುಡುಗಿ ಹೇಳಿದ್ದೇ ನಿಜವೆಂದು ವೆಂಕೋಬನಿಗೆ ಹೊಳೆದಿತ್ತು. ಆದರೆ ನಗು ಆಗಲೇ ಬಂದುಬಿಟ್ಟಿತ್ತು. ಬಿಸಿ ಚಹಾದ ಹಾಗೆ ಮೊದಲು ತನ್ನ ಹತ್ತಿರವೇ ಬಂದಿತ್ತು. ಬಂದದ್ದನ್ನು ತಿರುಗಿಸಿ ಕಳಿಸುವ ಮನಸ್ಸಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಹೆಸರು ‘ಉಲ್ಟಾ ಪಾರಿ’ ಆಗಿತ್ತು. ಅಲ್ಲಿಂದ ನಾಲ್ಕು ದಿನವಾಯಿತು, ಅವಳು ಹಾಜರಿಗೆ ‘ಸರ’ ಎನ್ನುವುದು ಬಿಟ್ಟರೆ ಅವನ ಜೊತೆ ಮಾತಾಡಿಲ್ಲ. ಅಷ್ಟಕ್ಕೂ ಹನ್ನೆರಡು ವರ್ಷದ ಹುಡುಗಿ, ಮರೆತಿರುತ್ತಾಳೆ ಎಂದು ಅವನು ದಿನಾ ಬೆಳಿಗ್ಗೆ ಅಳವಂಡಿ ದಾಟುವಾಗ ಅಂದುಕೊಳ್ಳುತ್ತಿದ್ದ. ಮರೆತ ವಿಷಯವನ್ನು ಯಾರೂ ದಿನಾ ಬೆಳಿಗ್ಗೆ ನೆನೆಯುವುದಿಲ್ಲ ಎಂದೂ ಅವನಿಗೆ ಗೊತ್ತಿತ್ತು.

ಶಾಲೆಯ ಅಂಗಳಕ್ಕೆ ಬಂದಾಗ ಮಕ್ಕಳು ಎತ್ತು ಸಿಂಗರಿಸುತ್ತಿದ್ದರು. ಕೋಡಿಗೆ ಕೆಂಪು ಹಚ್ಚಿ, ಕೊರಳಿಗೆ ನೂಲು ಕಟ್ಟಿ, ಬೆನ್ನ ಮೇಲೆ ಚಾಕೊಲೇಟಿನ ಜರಿ ಹಾಳೆಯ ಜೂಲು ಹೊದಿಸಿದ್ದರು. ಬಿಸಿಯೂಟದ ಶಂಕ್ರಮ್ಮ ಅಕ್ಕಿ ಆರಿಸುವುದು ಬಿಟ್ಟು ಬಂದು ಎರಡಕ್ಕೂ ಅರಿಶಿನ ಕುಂಕುಮ ಇಟ್ಟು ಹೋಗಿದ್ದಳು. ಹೆಡ್ಮಾಸ್ತರರು ಕೊಪ್ಪಳಕ್ಕೆ ಮೀಟಿಂಗಿಗೆ ಹೋಗಿದ್ದರಿಂದ ಇವತ್ತು ಇಡೀ ಶಾಲೆಗೆ ತಾನೇ ಯಜಮಾನ. ವೆಂಕೋಬ ಕೈ ತೊಳೆದು, ಕನ್ನಡಕ ಒರೆಸಿ, ‘ಹ್ಞಾಂ, ಸಾಹೇಬ್ರು ಬರೂದ್ರಾಗ ಒಮ್ಮಿ ಓಡಿಸಿ ನೋಡೂಣು. ಯಾರು ವಯರ್ ಹಚ್ತೀರಿ?’ ಎಂದ. ದಿನಾ ಈ ಪ್ರಶ್ನೆಗೆ ಮೂವತ್ತೆರಡು ಕೈ ಏಳುತ್ತಿದ್ದವು, ಸೆಲ್ಲಿಗಾಗಿ ಜಗಳವಾಗುತ್ತಿತ್ತು. ಇವತ್ತು ಒಂದೂ ಏಳಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಯಾಕ, ಏನಾತು?’

ಕಳಕೇಶ ಎಂಬ ಹುಡುಗ ನಿಂತಲ್ಲೇ ಕಾಲು ಬದಲಿಸಿದ. ‘ಇವತ್ತ ಅಮಾಸಿ ಐತಲ್ರಿ ಸರ.’

‘ಐತಿ. ಅದಕ ಅಲ್ಲೇನು ಇವತ್ತ ಇಟ್ಕೊಂಡಿದ್ದು?’

‘ಅಮಾಸಿ ದಿನ ಎತ್ತು ಹೂಡಂಗಿಲ್ರಿ ಸರ.’

ವೆಂಕೋಬ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ಎತ್ತಿನ ಹಬ್ಬ ಎಂದು ಎತ್ತು ಓಡಿಸುವ ದಿನ ಗೊತ್ತು ಮಾಡಿದ್ದ. ಎತ್ತಿನ ಹಬ್ಬವೆಂದರೆ ಎತ್ತಿಗೆ ರಜೆ ಎಂಬುದೇ ತಲೆಯಿಂದ ಹಾರಿಹೋಗಿತ್ತು. ಅದೂ ತನಗೆ. ಎರಡು ಜೊತೆ ಎತ್ತಿನ ಮನೆಯಲ್ಲಿ ಹುಟ್ಟಿದವನಿಗೆ. ಕೊಪ್ಪಳದಲ್ಲಿ ಬಾಡಿಗೆಯ ಮನೆ ಹಿಡಿದು ಹಾಲಿನ ಪಾಕೀಟು ತರಲು ಶುರುಮಾಡಿದ ಮೇಲೆ ಅಮಾವಾಸ್ಯೆಯೆಂದರೆ ಬೈಕಿಗೆ ನಿಂಬೆಹಣ್ಣು ಕಟ್ಟುವುದಷ್ಟೇ ಆಗಿತ್ತು. ಆದರೂ ಮಾಸ್ತರ ಮಾಸ್ತರನೇ. ‘ಇದು ಮಣ್ಣಿನ ಎತ್ತಲೇ, ಜೀವ ಇಲ್ಲ ಇದಕ’ ಎಂದ. ‘ಜೀವ ಇಲ್ಲದ್ದಕ್ಕ ಶಂಕ್ರಮ್ಮಾಯಿ ಕುಂಕುಮ ಯಾಕ ಹಚ್ಯಾಳ್ರಿ?’ ಎಂದು ಹಿಂದಿನಿಂದ ಯಾರೋ ಅಂದರು. ‘ಅಲ್ಲಿ ನೋಡ್ರಿ, ಹೊಲದಾಗ ಟ್ರ್ಯಾಕ್ಟರ್ ನಡದೈತಿ, ಅದಕ ಅಮಾಸಿ ಇಲ್ಲೇನು?’ ಎಂದರೆ, ‘ಟ್ರ್ಯಾಕ್ಟರಿಗೆ ಕೋಡು ಎಲ್ಲದಾವ್ರಿ ಸರ?’ ಎಂದು ಉತ್ತರ ಬಂತು. ಮಕ್ಕಳಿಗೆ ಎದುರು ಪ್ರಶ್ನೆ ಕೇಳುವುದನ್ನು ಕಲಿಸಬೇಕೆಂದು ಹೋದ ವರ್ಷದ ತರಬೇತಿಯಲ್ಲಿ ಹೇಳಿದ್ದರು. ಯಾವ ದಿನ ಕೇಳಬಾರದೆಂದು ಹೇಳಿರಲಿಲ್ಲ.

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಆಗ ಅವನಿಗೆ ಒಂದು ಉಪಾಯ ಹೊಳೆಯಿತು, ಹೊಳೆದ ಕೂಡಲೇ ಬಹಳ ಜಾಣ ಉಪಾಯವೆಂದೂ ಅನ್ನಿಸಿತು. ‘ರಫೀ, ಬಾರಪಾ ಇಲ್ಲಿ. ನೀ ಹಚ್ಚು ವಯರು. ನಿನಗೇನು ಅಮಾಸಿ ಇಲ್ಲಲ್ಲ?’ ರಫೀ ಮುಂದೆ ಬಂದ, ಬಂಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ, ಎತ್ತಿನ ಜೂಲು ಸರಿಮಾಡಿದ, ಮತ್ತೆ ಎದ್ದು ನಿಂತ. ‘ನನಗಿಲ್ರಿ ಸರ. ಎತ್ತಿಗೆ ಐತಲ್ರಿ. ನಮ್ಮನ್ಯಾಗೂ ಎರಡು ಅದಾವ. ನಮ್ಮಪ್ಪ ಇವತ್ತ ಮೈ ತೊಳಿಸಿ ಕಟ್ಟ್ಯಾನ, ಹೂಡಿಲ್ಲ.’ ಅವನು ಬೇಸರದಿಂದ ಹೇಳಿರಲಿಲ್ಲ, ಗೊತ್ತಿಲ್ಲದವರಿಗೆ ದಾರಿ ಹೇಳುವ ಹಾಗೆ ಹೇಳಿದ್ದ. ಅದಕ್ಕೇ ವೆಂಕೋಬನ ಕಿವಿಯ ತುದಿ ಬೆಚ್ಚಗಾಯಿತು. ಬೆಳಿಗ್ಗೆ ಹತ್ತೂವರೆಗೆ ತನ್ನ ತಲೆಯಲ್ಲಿ ಎಂಥ ವಿಚಾರ ಬಂತು, ಎಷ್ಟು ಸಲೀಸಾಗಿ ಬಂತು ಎಂದುಕೊಳ್ಳುತ್ತ ಅವನು ಆಫೀಸಿನ ಕೋಣೆಗೆ ಹೋಗಿ ನೀರು ಕುಡಿದ. ‘ಎಲ್ಲಾರೂ ಹೊರಗ ಆಡ್ಕೊಳ್ರಿ’ ಎಂದು ಬಂಡಿಯನ್ನು ಒಳಗೆ ತರಿಸಿಕೊಂಡು ಬಾಗಿಲು ಮುಂದಕ್ಕೆ ಮಾಡಿದ.

ಯಾರೂ ಹಚ್ಚದಿದ್ದರೇನು, ತಾನೇ ಹಚ್ಚಿದರಾಯಿತು. ಒಂದು ಕೈಯಲ್ಲಿ ಕೆಂಪು ವಯರು, ಒಂದು ಕೈಯಲ್ಲಿ ಕರಿ ವಯರು. ನಡುವೆ ಒಂದು ಜೋಳದ ಕಾಳಿನಷ್ಟು ಅಂತರ. ಎತ್ತುಗಳು ಜೂಲು ಹೊದ್ದು, ಕುಂಕುಮ ಇಟ್ಟುಕೊಂಡು, ಬೀಗರ ಮನೆಗೆ ಬಂದವರಂತೆ ಮೇಜಿನ ಮೇಲೆ ನಿಂತಿದ್ದವು. ಹೀಗೆಯೇ ಒಂದು ದಿನ, ಅಮಾವಾಸ್ಯೆಯಲ್ಲ, ಸೋಮವಾರ, ಎತ್ತು ಹೂಡಬಾರದ ಬಸವಣ್ಣನ ವಾರ, ಅವನಿಗೆ ಹದಿನಾರು ವರ್ಷ, ಕೆರೆಯಿಂದ ನೀರಿನ ಪೀಪಾಯಿ ತರಲೆಂದು ಬಂಡಿ ಹೂಡಿಕೊಂಡು ಹೊರಟುಬಿಟ್ಟಿದ್ದ, ವಾರ ನೆನಪಿರಲಿಲ್ಲ. ನೀರು ತುಂಬಿಕೊಂಡು ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ಅಪ್ಪ ಮುದಿಯಪ್ಪ ಎದುರು ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. ಎತ್ತುಗಳನ್ನು ನೊಗದಿಂದ ಬಿಚ್ಚಿ ಹಗ್ಗವನ್ನು ಮಗನ ಕೈಗೆ ಕೊಟ್ಟು, ತಾನು ನೊಗ ಎತ್ತಿ ಎದೆಗೆ ಹಚ್ಚಿಕೊಂಡು, ತುಂಬಿದ ಪೀಪಾಯಿಯ ಬಂಡಿಯನ್ನು ಊರ ನಡುವೆ ಎಳೆದುಕೊಂಡು ಹೋದ. ಹಿಂದೆ ಎರಡು ಎತ್ತು ಹಿಡಿದುಕೊಂಡು ವೆಂಕೋಬ. ಕಟ್ಟೆಯ ಮೇಲೆ ಕೂತವರು, ‘ಮುದಿಯಪ್ಪಾ, ಎತ್ತು ಭಾಳ ತುಟ್ಟಿ ಆದುವೇನು?’ ಎಂದು ಕೇಳಿದರೆ ಅಪ್ಪ ಏದುಸಿರು ಬಿಡುತ್ತ, ‘ಇಲ್ಲಪಾ, ಮಗ ಸಾಲಿ ಭಾಳ ಕಲ್ತಾನ’ ಎಂದಿದ್ದ. ಆ ಮಾತಿಗೆ ಆ ಓಣಿ ನಕ್ಕಿತ್ತು. ಇವತ್ತು, ಮೂವತ್ತಾರು ವರ್ಷದ ಮೇಲೆ, ಕೆಂಪು ವಯರು ಕರಿ ವಯರಿನ ಹತ್ತಿರ ಹೋಗಲೇ ಇಲ್ಲ. ಮಣ್ಣು, ರಟ್ಟು, ಒಂದೂವರೆ ವೋಲ್ಟಿನ ಎರಡು ಸೆಲ್ಲು ಎಂದು ಅವನು ತನಗೆ ತಾನೇ ಪಾಠ ಹೇಳಿಕೊಂಡ. ವಿದ್ಯಾರ್ಥಿ ಒಪ್ಪಲಿಲ್ಲ. ಹೊರಗೆ ಬೈಕು ನಿಂತ ಸದ್ದಾಯಿತು.

ನಾಗೇಶ ಬಂದವನೇ ಫೋನು ತೆಗೆದ. ‘ನಮಸ್ಕಾರ್ರಿ ಸರ್. ಇನ್ನೂ ಎರಡು ಸಾಲಿ ಅದಾವು. ಲಗೂನ ಓಡಿಸಿಬಿಡ್ರಿ, ಹಿಡ್ಕೋತೀನಿ.’

ಇಪ್ಪತ್ತಾರು ವರ್ಷದಲ್ಲಿ ಮಕ್ಕಳಿಂದ ಕೇಳಿದ ಸುಳ್ಳುಗಳಲ್ಲೆಲ್ಲ ಅತ್ಯಂತ ಸಪ್ಪೆಯಾದದ್ದು ವೆಂಕೋಬನ ಬಾಯಿಗೆ ಬಂತು. ‘ಸೆಲ್ಲು ಹೋಗ್ಯಾವ್ರಿ ಸರ್.’

‘ಅಷ್ಟ ಹೌದಲ್ರಿ?’ ಎಂದ ನಾಗೇಶ. ಕುರ್ಚಿ ಎಳೆದು ಹತ್ತಿ ಗೋಡೆಯ ಗಡಿಯಾರದ ಬೆನ್ನಿನಿಂದ ಒಂದು ಸೆಲ್ಲು ಕಿತ್ತ. ಟಿವಿಯ ರಿಮೋಟಿನ ಹೊಟ್ಟೆಯಿಂದ ಇನ್ನೊಂದು ತೆಗೆದ. ನೋಡನೋಡುತ್ತ ಶಾಲೆಯಲ್ಲಿ ಹನ್ನೊಂದು ಹೊಡೆದು ನಾಲ್ಕು ನಿಮಿಷಕ್ಕೆ ಹೊತ್ತು ನಿಂತುಹೋಯಿತು. ಸೆಲ್ಲನ್ನು ವೆಂಕೋಬನ ಕೈಗೆ ಹಾಕಿ, ‘ಈಗ ನಡೀರಿ ಅಂಗಳಕ್ಕ’ ಎಂದ. ಒಬ್ಬ ಮನುಷ್ಯನಿಗೆ ಇಷ್ಟು ಚುರುಕು ಇರಬಾರದು ಎಂದುಕೊಳ್ಳುತ್ತ ವೆಂಕೋಬ ಹಳೆಯ ಸೆಲ್ಲು ತೆಗೆದು ಇವನ್ನು ಹಾಕಿ, ಬಂಡಿ ಹೊತ್ತು ಹೊರಗೆ ಬಂದ. ಮಕ್ಕಳು ಸುತ್ತ ಮುತ್ತಿದರು. ಮೂವತ್ತೆರಡು ಜೊತೆ ಕಣ್ಣು ಅವನ ಎರಡು ಕೈಯನ್ನೇ ನೋಡುತ್ತಿದ್ದವು. ಅಡುಗೆ ಕೋಣೆಯ ಬಾಗಿಲಲ್ಲಿ ಶಂಕ್ರಮ್ಮ ಸೌಟು ಹಿಡಿದು, ಮಾಸ್ತರ ಇವತ್ತು ಏನು ಮಾಡುತ್ತಾನೋ ನೋಡೇಬಿಡೋಣ ಎಂಬಂತೆ ನಿಂತಿದ್ದಳು. ‘ಸೆಲ್ಲು ಮದಲಿನೂ ಛಲೋನ ಇದ್ದುವಲ್ಲಲೇ’ ಎಂದು ಒಬ್ಬ ಹುಡುಗ ಪಕ್ಕದವನಿಗೆ ಪಿಸುಗುಟ್ಟಿದ್ದು ಊರಿಗೆಲ್ಲ ಕೇಳಿಸುವಷ್ಟು ಸ್ಪಷ್ಟವಾಗಿತ್ತು.

ಆಗ ಪಾರಮ್ಮ ಮುಂದೆ ಬಂದಳು. ಅವನ ಮುಖ ನೋಡಲಿಲ್ಲ. ಕೆಳಗೆ ಕೂತು ಎತ್ತುಗಳ ನೊಗ ಬಿಚ್ಚಿದಳು. ಬಂಡಿಯಲ್ಲಿದ್ದ ಎರಡು ಕಲ್ಲು ತೆಗೆದು ಆಚೆ ಎಸೆದಳು. ಮುಚ್ಚಳದ ಗಾಲಿ ಕಿತ್ತು ಇಟ್ಟು, ಒಂದೊಂದೇ ಎತ್ತನ್ನು ಎರಡೂ ಕೈಯಲ್ಲಿ ಎತ್ತಿ ಬಂಡಿಯ ಒಳಗೆ ಅಕ್ಕಪಕ್ಕ ನಿಲ್ಲಿಸಿದಳು.

‘ಇದೇನವಾ?’ ಎಂದ ನಾಗೇಶ.

‘ಅಮಾಸಿ ಎತ್ತಿಗೆ ಐತ್ರಿ, ಮೋಟರಿಗೆ ಇಲ್ಲ’ ಎಂದಳು ಪಾರಮ್ಮ. ‘ಮೋಟರು ಇರೂದು ಬಂಡ್ಯಾಗ. ಎತ್ತು ಕುಂತು ಹೋಗ್ಲಿ.’ ಎರಡು ತುದಿ ತಾಗಿಸಿದಳು. ಬಂಡಿ ಜಗ್ಗಿ, ಗುರ್ರೆಂದು ಹಿಮ್ಮೊಗವಾಗಿ ಹೊರಟು ನಾಗೇಶನ ಬೂಟಿಗೆ ಬಡಿದು ನಿಂತಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ‘ಉಲ್ಟಾ’ ಎಂದು ಒಬ್ಬ ಕೂಗಿದ. ಪಾರಮ್ಮ ತಲೆ ಎತ್ತದೆ, ‘ಸೆಲ್ಲು ತಿರುವಿ ಹಾಕ್ಯಾರ’ ಎಂದು ಕೆಂಪು ವಯರಿದ್ದಲ್ಲಿ ಕರಿ, ಕರಿ ಇದ್ದಲ್ಲಿ ಕೆಂಪು ಹಚ್ಚಿದಳು. ಈ ಸಲ ಬಂಡಿ ಮುಂದೆ ಹೊರಟಿತು. ಕಲ್ಲಿಗಿಂತ ಎತ್ತಿನ ಭಾರ ಹೆಚ್ಚಾಗಿತ್ತೋ ಏನೋ, ಚಕ್ರ ಜಾರಲಿಲ್ಲ. ಮೂರು ವಾರದಲ್ಲಿ ಎಂದೂ ಓಡದಷ್ಟು ಜೋರಾಗಿ ಓಡಿತು. ಜರಿ ಜೂಲು ಹೊದ್ದ ಎರಡು ಎತ್ತು, ಮದುವೆಗೆ ಹೊರಟ ಹಿರಿಯರ ಹಾಗೆ ಗತ್ತಿನಿಂದ ಮುಂದೆ ನೋಡುತ್ತ, ಅಂಗಳವನ್ನು ಉದ್ದಕ್ಕೆ ದಾಟಿ ಅಡುಗೆ ಕೋಣೆಯ ಮೆಟ್ಟಿಲಿಗೆ ಹೋಗಿ ಇಳಿದುಕೊಳ್ಳುವವರಂತೆ ನಿಂತವು. ಶಂಕ್ರಮ್ಮ ಸೌಟು ಹಿಡಿದ ಕೈಯಿಂದಲೇ ನಮಸ್ಕಾರ ಮಾಡಿದಳು. ‘ಹುಟ್ಟಿದಾಗಿಂದ ಮಂದೀನ್ನ ಹೊತ್ತಾವ. ಒಂದಿನ ತಾವೂ ಬಂಡಿ ಹತ್ಲಿ, ತಗೋ’ ಎಂದಳು.

ನಾಗೇಶನ ಫೋನು ಎಲ್ಲವನ್ನೂ ಹಿಡಿದಿತ್ತು. ಅದು ತಿರುಗಿ ವೆಂಕೋಬನ ಮುಖಕ್ಕೆ ಬಂತು. ‘ಭಾರಿ ಆತ್ರಿ ಸರ್. ಈ ಐಡಿಯಾ ಯಾರ್ದು?’ ಎಂದು ಕೇಳಿದ ನಾಗೇಶ. ವೆಂಕೋಬನಿಗೆ ಉತ್ತರ ಗೊತ್ತಿತ್ತು, ಉತ್ತರ ಮೂರು ಮಾರು ದೂರದಲ್ಲಿ ಕೂತು ಗಾಲಿಗೆ ಸಿಕ್ಕ ಮಣ್ಣು ಕೆರೆಯುತ್ತಿತ್ತು. ಆದರೆ ಫೋನಿನ ಕಣ್ಣು ತನ್ನ ಮೇಲಿತ್ತು. ‘ಅದೂ... ನಾವೂ... ಒಟ್ಟಿನ್ಯಾಗ ಎಲ್ಲಾರೂ ಸೇರಿ... ಸಾಲೀದು ಅನ್ರಿ’ ಎಂದ. ಸುಳ್ಳಲ್ಲ. ಹಾಲಿಗೆ ನೀರು ಹಾಕುವವರೂ ಸುಳ್ಳು ಹೇಳುವುದಿಲ್ಲ, ಬಿಳಿ ಇರುವುದನ್ನೇ ಮಾರುತ್ತಾರೆ. ಪಾರಮ್ಮ ಮಣ್ಣು ಕೆರೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಚೆನ್ನಾಗಿತ್ತು, ಒಮ್ಮೆ ಕಣ್ಣೆತ್ತಿ ನೋಡಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

‘ನಿಮ್ಮ ಹೆಸರು ಇವತ್ತ ಕಳಿಸಿಬಿಡ್ತೀನ್ರಿ’ ಎಂದ ನಾಗೇಶ. ‘ಇನ್ನೊಂದ ಕೆಲಸ. ವಿಡಿಯೋ ಜೋಡಿ ಒಂದು ಮಗುವಿನ ನೋಟ್‌ಬುಕ್ಕಿನ ಫೋಟೋ ಬೇಕಂತ ಮ್ಯಾಲಿನವ್ರು ಕೇಳ್ಯಾರ. ಇದರದ ಪಾಠ ಬರದದ್ದು, ನೀವು ತಿದ್ದಿದ್ದು. ಅಕ್ಷರ ದುಂಡಗ ಇರೂದು ಒಂದು ಕೊಡ್ರಿ.’

ಅಕ್ಷರ ದುಂಡಗಿರುವುದು ಯಾರದೆಂದು ಇಡೀ ತರಗತಿಗೆ ಗೊತ್ತಿತ್ತು. ‘ಪಾರೀದು ಕೊಡ್ರಿ ಸರ’ ಎಂದು ನಾಲ್ಕೈದು ಮಂದಿ ಒಟ್ಟಿಗೆ ಅಂದರು. ವೆಂಕೋಬ ತರಗತಿಗೆ ಹೋಗಿ ಕಟ್ಟಿನಿಂದ ಅವಳ ನೋಟ್‌ಬುಕ್ಕು ಎಳೆದು ಶನಿವಾರದ ಹಾಳೆ ತೆರೆದ. ಮೇಲೆ, ಉಕ್ತಲೇಖನ ಕೊಟ್ಟಂತೆ: ‘ಮೋಟರಿನ ಶಕ್ತಿಯಿಂದ ಎತ್ತು ಬಂಡಿಯನ್ನು ಎಳೆಯುತ್ತದೆ.’ ಅದರ ಕೆಳಗೆ, ಒಂದು ಗೆರೆ ಬಿಟ್ಟು, ಅದೇ ದುಂಡು ಅಕ್ಷರದಲ್ಲಿ: ‘ಮೋಟರು ಬಂಡಿಯಲ್ಲಿದೆ. ಬಂಡಿ ಎತ್ತನ್ನು ದೂಡುತ್ತದೆ.’ ಮೊದಲನೆಯದರ ಮುಂದೆ ಕೆಂಪು ರೈಟು. ಎರಡನೆಯದರ ಮುಂದೆಯೂ ಕೆಂಪು ರೈಟು. ಕೆಳಗೆ ಅವನ ಸಹಿ, ಸೋಮವಾರದ ತಾರೀಕು. ಸೋಮವಾರ ಫೋನಿನಲ್ಲಿ ಮಾತಾಡುತ್ತ ಮೂವತ್ತೆರಡು ಪುಸ್ತಕಕ್ಕೆ ರೈಟು ಎಳೆದದ್ದು ನೆನಪಾಯಿತು. ಅವನು ಕಟ್ಟಿನಿಂದ ಇನ್ನೊಂದು ತೆಗೆದ, ಮತ್ತೊಂದು ತೆಗೆದ. ಎಲ್ಲದರಲ್ಲೂ ಎತ್ತು ಬಂಡಿಯನ್ನು ಎಳೆಯುತ್ತಿತ್ತು, ಎಲ್ಲ ಎತ್ತಿನ ಮುಂದೆಯೂ ಕೆಂಪು ರೈಟಿತ್ತು. ಇದರಲ್ಲೊಂದನ್ನು ಕೊಟ್ಟರೆ ಆಯಿತು. ನಾಗೇಶ ಓದುವುದಿಲ್ಲ, ಮೇಲಿನವರಂತೂ ಓದುವುದೇ ಇಲ್ಲ.

‘ಸರ.’ ನಾಲ್ಕು ದಿನದ ಮೇಲೆ ಬಂದ ದನಿ. ಪಾರಮ್ಮ ಬಾಗಿಲಲ್ಲಿ ನಿಂತಿದ್ದಳು. ‘ನಂದರಾಗ ಎರಡಕ್ಕೂ ರೈಟ್ ಹಾಕೀರಿ. ಎರಡೂ ಹೆಂಗ ಖರೆ ಆಕ್ಕಾವ್ರಿ?’

ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಸೋಮವಾರದಿಂದ ಇದೊಂದೇ ಅವಳ ತಲೆ ತಿಂದಿರಬೇಕು. ಜನ ನಕ್ಕದ್ದಲ್ಲ, ಹೆಸರಿಟ್ಟದ್ದೂ ಅಲ್ಲ, ಎರಡು ರೈಟು. ವೆಂಕೋಬ ಜೇಬಿನಿಂದ ಕೆಂಪು ಪೆನ್ನು ತೆಗೆದ. ಮೇಲಿನ ವಾಕ್ಯದ ರೈಟಿನ ಮೇಲೆ ತಪ್ಪಿನ ಗುರುತು ಎಳೆದ, ಪೆನ್ನು ಹಾಳೆಯಲ್ಲಿ ಸಿಕ್ಕಿಕೊಳ್ಳುವಷ್ಟು ಒತ್ತಿ ಎಳೆದ. ‘ಮಾಸ್ತರರು ತಪ್ಪು ಹೇಳಿದ್ದರು’ ಎಂದು ಪಕ್ಕದಲ್ಲಿ ಬರೆದು ಸಹಿ ಮಾಡಿದ.

‘ತಾರೀಕು, ಸರ’ ಎಂದಳು ಪಾರಮ್ಮ.

ತಾರೀಕು ಹಾಕಿದ.

ನಾಗೇಶ ಅಂಗಳದಲ್ಲಿ ಪುಸ್ತಕವನ್ನು ಬೈಕಿನ ಸೀಟಿನ ಮೇಲೆ ಹರವಿ ಫೋನು ಹಿಡಿದವನು, ಯಾವತ್ತೂ ಇಲ್ಲದೆ ಇವತ್ತು ಓದಿದ. ‘ಸರ್, ಇದರಾಗ ನಿಮ್ಮದ ತಪ್ಪು ಅಂತ ಐತಲ್ರಿ. ಬ್ಯಾರೆ ಬುಕ್ ಕೊಡ್ರಿ.’

‘ಬ್ಯಾರೆವೆಲ್ಲಾ ತಪ್ಪದಾವ್ರಿ.’

‘ಹೆಸರು ಕಳಿಸೂ ಹೊತ್ತಿನ್ಯಾಗ ಇದು ಹೋದ್ರ ಮ್ಯಾಲಿನವ್ರು ಏನಂದಾರು?’ ನಾಗೇಶ ಸುತ್ತ ನೋಡಿದ. ಮಕ್ಕಳೆಲ್ಲ ಬಂದು ನಿಂತಿದ್ದರು. ಅವನೂ ಕೆಟ್ಟವನಲ್ಲ, ಹಿರಿಯ ಮನುಷ್ಯನ ಮಾನ ಉಳಿಸುವ ಒಂದು ದಾರಿ ಅವನಿಗೆ ಹೊಳೆಯಿತು. ಎಡಗೈಯ ಹೆಬ್ಬೆರಳನ್ನು ಹಾಳೆಯ ಮೇಲ್ಭಾಗಕ್ಕೆ ಅಡ್ಡ ಇಟ್ಟ. ಮೇಲಿನ ವಾಕ್ಯ, ತಪ್ಪಿನ ಗುರುತು, ಇವತ್ತಿನ ಸಹಿ ಎಲ್ಲ ಮುಚ್ಚಿಹೋದವು. ಕೆಳಗಿನ ದುಂಡು ಅಕ್ಷರ, ಅದರ ರೈಟು, ಸೋಮವಾರದ ಸಹಿ ಮಾತ್ರ ಉಳಿದವು. ‘ಈಗ ಬರೊಬ್ಬರಿ ಆತು’ ಎಂದು ಫೋನು ಸಮ ಮಾಡಿದ.

ವೆಂಕೋಬನಿಗೆ ಒಂದು ಗಳಿಗೆ ಹಾಯೆನಿಸಿತು. ತನ್ನ ಕಡೆಯಿಂದ ಆಗುವುದೆಲ್ಲ ಆಗಿದೆ, ಉಳಿದದ್ದು ಸಾಹೇಬರ ಹೆಬ್ಬೆರಳು. ಬದಿಯಲ್ಲಿ ಪಾರಮ್ಮ ಹಾಳೆಯನ್ನೇ ನೋಡುತ್ತಿದ್ದಳು.

‘ನಾಗೇಶ ಸರ್’ ಎಂದ ವೆಂಕೋಬ. ದನಿ ಏರಿತೋ ತಗ್ಗಿತೋ ಅವನಿಗೆ ತಿಳಿಯಲಿಲ್ಲ. ‘ಹೆಬ್ಬಟ್ಟು ಅಡ್ಡ ಬಂದೈತಿ. ತೆಗೀರಿ.’